ಟಿಎ ಬಿಲ್ ಬರೆಯುವ ಆ್ಯಪ್: ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಗಾಡಿಯಲ್ಲಿ ಕಂಪನಿ ಕೆಲಸಕ್ಕೆ ಹಳ್ಳಿ ಹಳ್ಳಿ ತಿರುಗಿ, ಆ ಓಡಾಟದ ಖರ್ಚಿಗೆ (ಟಿಎ) ಬಿಲ್ ಹಾಕುವವರಿಗೆ ಈ ಆ್ಯಪ್ ಒಳ್ಳೆಯದೇ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಸ್ವಲ್ಪ ಆ್ಯಪಿನದು. ಜಾಸ್ತಿ ಪಾಲು ಅದರೊಳಗೆ ಕಂಪನಿ ತುಂಬಿಟ್ಟಿರುವ ಕಿಲೋಮೀಟರ್ ದರದ್ದು. ಎಷ್ಟು ಕಿಲೋಮೀಟರ್ ಓಡಿದೆ ಅಂತ ಆ್ಯಪ್ ಹೇಳುತ್ತದೆ. ಒಂದು ಕಿಲೋಮೀಟರ್ ಓಡೋದಕ್ಕೆ ಎಷ್ಟು ಖರ್ಚು ಬಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಕೈಗೆ ಬರುವ ದುಡ್ಡು ಈ ಎರಡೂ ಸೇರಿದ್ದು. ಹಾಗಾಗಿ ಎರಡರ ಬಗ್ಗೆಯೂ ಬರೆಯುತ್ತೇನೆ.

ಆ್ಯಪಿನ ಹೆಸರು ಹಾಕುತ್ತಿಲ್ಲ. ಈ ಥರದವು ಬೇಕಾದಷ್ಟಿವೆ, ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ. ನಿಮ್ಮ ಕಂಪನಿ ಬೇರೆಯದನ್ನು ಕೊಟ್ಟಿದ್ದರೂ ಇಲ್ಲಿ ಬರೆದದ್ದು ಉಪಯೋಗಕ್ಕೆ ಬರುತ್ತದೆ.

ನಾನು ಅಡಿಕೆ ತೋಟಕ್ಕೆ ಬೇಕಾದ ಗೊಬ್ಬರ, ಔಷಧಿ, ಡ್ರಿಪ್ ಸಾಮಾನು ಮಾರುವ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್. ಮನೆ ತೀರ್ಥಹಳ್ಳಿ, ಬ್ರಾಂಚ್ ಆಫೀಸ್ ಶಿವಮೊಗ್ಗ. ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕು ನನ್ನ ಏರಿಯಾ. ಗಾಡಿ 110 ಸಿಸಿ ಸ್ಕೂಟರ್. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ನಮ್ಮ ಓಡಾಟವೆಲ್ಲ ಮಳೆಯ ಲೆಕ್ಕದಲ್ಲೇ ನಡೆಯುವುದು. ಅಡಿಕೆಯ ಕೊಳೆರೋಗಕ್ಕೆ ಮೊದಲ ಸುತ್ತಿನ ಬೋರ್ಡೋ ದ್ರಾವಣದ ಸಿಂಪಡಣೆ ಮಳೆ ಹಿಡಿಯುವ ಮುಂಚೆ ಆಗಬೇಕು. ಎರಡನೆಯದು 40-45 ದಿನ ಬಿಟ್ಟು, ಮಳೆ ಬಿಡುವು ಕೊಟ್ಟಾಗ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಎಲ್ಲರಿಗೂ ಬಾಯಿಪಾಠ. ಆದರೂ ಸುಣ್ಣ ಹಳತಾಯ್ತೇನೋ, ದ್ರಾವಣ ಹುಳಿಯಾಯ್ತೇನೋ ಅಂತ ಫೋನ್ ಬರುತ್ತದೆ. ಎಲೆಚುಕ್ಕಿ ರೋಗ ಬಂದ ಮೇಲಂತೂ ಕರೆ ಇನ್ನೂ ಜಾಸ್ತಿ. ಹೋಗಲೇಬೇಕು. ವರ್ಷದಲ್ಲಿ ಗಾಡಿ ಹೆಚ್ಚು ಓಡುವುದು ರಸ್ತೆ ತೀರಾ ಕೆಟ್ಟಿರುವ ಈ ತಿಂಗಳುಗಳಲ್ಲೇ.

ಆ್ಯಪ್ ಬರುವ ಮೊದಲು ಕಾಗದದ ಟಿಎ ಬಿಲ್ ಇತ್ತು. ತಾರೀಕು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾರನ್ನು ಕಂಡಿರಿ. ತಿಂಗಳ ಕೊನೆಗೆ ಟೂರ್ ಪ್ಲಾನ್ ಜೊತೆ ಪಿನ್ ಮಾಡಿ ಕಳಿಸಬೇಕು. ಪೆಟ್ರೋಲ್ ಬಂಕಿನ ಚೀಟಿಯನ್ನೂ ಲಗತ್ತಿಸಬೇಕಿತ್ತು. ಆ ಚೀಟಿ ಮಳೆಗಾಲದಲ್ಲಿ ಜರ್ಕಿನ್ ಕಿಸೆಯಲ್ಲಿದ್ದರೆ ಎರಡೇ ದಿನಕ್ಕೆ ಅಕ್ಷರ ಮಾಸಿ ಬಿಳಿ ಕಾಗದವಾಗುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ದೂರದ್ದು. ಅಕೌಂಟ್ಸ್‌ನಿಂದ ಫೋನ್ ಬರುತ್ತಿತ್ತು.

"ಮೇಡಂ, ತೀರ್ಥಹಳ್ಳಿಯಿಂದ ಕೋಣಂದೂರಿಗೆ ಮ್ಯಾಪಲ್ಲಿ ಇಷ್ಟು ತೋರಿಸೋದಿಲ್ವಲ್ಲ, ನೀವು ಜಾಸ್ತಿ ಬರೆದಿದ್ದೀರಿ."

"ಸರ್, ಕೋಣಂದೂರು ಪೇಟೆಯಲ್ಲಿ ತೋಟ ಇಲ್ಲ. ಪೇಟೆಯಿಂದ ಒಳಗೆ ಹೋಗಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ದಾರಿ ಇಲ್ಲ, ವಾಪಸ್ ಟಾರ್ ರಸ್ತೆಗೆ ಬಂದು ಮತ್ತೆ ಇಳಿಯಬೇಕು."

"ಅದಕ್ಕೆ ಪ್ರೂಫ್ ಏನಿದೆ ಮೇಡಂ?"

ಇದು ನಮ್ಮ ಕಡೆಯ ಊರುಗಳ ಸ್ವಭಾವ. ಬಯಲುಸೀಮೆಯಲ್ಲಿ ಊರು ಅಂದರೆ ಮನೆಗಳ ಸಾಲು, ಒಮ್ಮೆ ಹೋದರೆ ಹತ್ತು ಜನ ಸಿಗುತ್ತಾರೆ. ಇಲ್ಲಿ ಊರು ಅಂದರೆ ಒಂದು ಗುಡ್ಡದ ಆ ಮಗ್ಗುಲಿಗೆ ಒಂದು ಮನೆ, ಈ ಮಗ್ಗುಲಿಗೆ ಒಂದು ಮನೆ. ಪೇಟೆಯಿಂದ ಪೇಟೆಗೆ ಅಳೆದು ದುಡ್ಡು ಕೊಟ್ಟರೆ ಮಲೆನಾಡಿನ ಫೀಲ್ಡ್ ಸ್ಟಾಫ್‌ಗೆ ಪ್ರತಿ ತಿಂಗಳೂ ನಷ್ಟ. ನಾವು ಸುಳ್ಳು ಬರೆಯುತ್ತೇವೆ ಅನ್ನೋ ಅನುಮಾನ ಬೇರೆ. ದುಡ್ಡು ಹೋಗಿದ್ದಕ್ಕಿಂತ ಅದು ಜಾಸ್ತಿ ಬೇಸರ ತರಿಸುತ್ತಿತ್ತು. ಆ್ಯಪ್ ಈ ಜಗಳವನ್ನು ನಿಲ್ಲಿಸಿದೆ. ಇದೊಂದೇ ಕಾರಣಕ್ಕೆ ಅದನ್ನು ಮೆಚ್ಚಬೇಕು.

ಬಳಸುವುದು ಸುಲಭ. ಬೆಳಗ್ಗೆ ಹೊರಡುವಾಗ ಓಡೋಮೀಟರಿನ ಫೋಟೋ ತೆಗೆದು 'ಪ್ರಾರಂಭ' ಒತ್ತಬೇಕು. ರೈತರ ಮನೆ ಅಥವಾ ಅಂಗಡಿ ತಲುಪಿದಾಗ ಹಾಜರಿ ಹಾಕಿ, ಯಾರನ್ನು ಕಂಡದ್ದು, ಯಾವ ಕೆಲಸಕ್ಕೆ ಅಂತ ಆರಿಸಬೇಕು. ಸಂಜೆ ಮನೆಗೆ ಬಂದು ಮತ್ತೊಂದು ಫೋಟೋ ತೆಗೆದು 'ಮುಕ್ತಾಯ'. ಇಷ್ಟೇ. ಹೋದ ದಾರಿ ನಕ್ಷೆಯ ಮೇಲೆ ನೀಲಿ ಗೆರೆಯಾಗಿ ಕಾಣುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟು ಮಾಡಿ ಕ್ಲೇಮ್ ಹಾಕಿದರೆ ಏರಿಯಾ ಮ್ಯಾನೇಜರ್ ಅಪ್ರೂವಲ್ ಕೊಡುತ್ತಾರೆ, ಅಲ್ಲಿಂದ ಅಕೌಂಟ್ಸ್‌ಗೆ ಹೋಗುತ್ತದೆ, ಸಂಬಳದ ಜೊತೆ ಬೇರೆ ಸಾಲಿನಲ್ಲಿ ದುಡ್ಡು ಬೀಳುತ್ತದೆ. ಓಡೋಮೀಟರ್ ಲೆಕ್ಕ ಮತ್ತು ಜಿಪಿಎಸ್ ಲೆಕ್ಕ ಎರಡನ್ನೂ ಆ್ಯಪ್ ಅಕ್ಕಪಕ್ಕ ತೋರಿಸುತ್ತದೆ. ವ್ಯತ್ಯಾಸ ಕಂಪನಿ ಇಟ್ಟ ಮಿತಿಯೊಳಗಿದ್ದರೆ ಪ್ರಶ್ನೆ ಇಲ್ಲದೆ ಪಾಸ್. ಮೀರಿದರೆ ಕೆಂಪು ಗುರುತು, ಕಾರಣ ಬರೆಯಬೇಕು.

ಮಳೆ ಶುರುವಾದ ಮೇಲೆ ನನ್ನ ಕ್ಲೇಮಿಗೆ ಈ ಕೆಂಪು ಗುರುತು ಮೇಲಿಂದ ಮೇಲೆ ಬೀಳತೊಡಗಿತು. ಯಾವಾಗಲೂ ಜಿಪಿಎಸ್ ಕಡಿಮೆ, ಓಡೋಮೀಟರ್ ಜಾಸ್ತಿ. ಯಾಕೆ ಅಂತ ನಕ್ಷೆ ದೊಡ್ಡದು ಮಾಡಿ ಕೂತು ನೋಡಿದೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಕಡೆಯ ಡೀಲರ್ ಒಬ್ಬರನ್ನು ಕಂಡು ಬಂದ ದಿನದ ಗೆರೆ ಅದು. ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಆ್ಯಪಿನ ಗೆರೆಯಲ್ಲಿ ತಿರುವುಗಳೇ ಇಲ್ಲ! ಮೇಲಿನಿಂದ ಕೆಳಗೆ ಮುರಿದ ಕಡ್ಡಿಗಳನ್ನು ಜೋಡಿಸಿಟ್ಟ ಹಾಗೆ ನಾಲ್ಕಾರು ನೇರ ಗೆರೆ, ಕಾಡಿನ ಮಧ್ಯದಿಂದ ಹಾದು ಹೋಗಿವೆ.

ಕಾರಣ ಸರಳ. ಆ್ಯಪ್ ನಮ್ಮನ್ನು ಪ್ರತಿ ಕ್ಷಣ ನೋಡುತ್ತಿರುವುದಿಲ್ಲ. ಬ್ಯಾಟರಿ ಉಳಿಸಲಿ ಅಂತ ಇಂತಿಷ್ಟು ಸೆಕೆಂಡಿಗೆ ಒಂದು ಸಲ ಮಾತ್ರ ಚುಕ್ಕಿ ಹಾಕುತ್ತದೆ. ನಮ್ಮದರಲ್ಲಿ ಅದು 30 ಸೆಕೆಂಡ್ ಇತ್ತು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋದರೂ 30 ಸೆಕೆಂಡಿಗೆ 250 ಮೀಟರ್ ದಾಟಿರುತ್ತೇವೆ. ಒಂದು ಚುಕ್ಕಿ ತಿರುವಿನ ಮೇಲೆ, ಮುಂದಿನ ಚುಕ್ಕಿ ತಿರುವಿನ ಕೆಳಗೆ. ಮಧ್ಯದ ಸುತ್ತನ್ನೆಲ್ಲ ಬಿಟ್ಟು ನೇರ ಗೆರೆ ಎಳೆದು ಅಷ್ಟೇ ದೂರ ಅಂದುಬಿಡುತ್ತದೆ. ನೇರ ರಸ್ತೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಶಿವಮೊಗ್ಗ-ಭದ್ರಾವತಿ ಮಧ್ಯೆ ಓಡಾಡುವವರಿಗೆ ಈ ಸಮಸ್ಯೆ ಗೊತ್ತೇ ಆಗುವುದಿಲ್ಲ. ಆಗುಂಬೆ ದಾರಿಯ ಮೇಗರವಳ್ಳಿ ದಾಟಿದವರಿಗೆ ಗೊತ್ತಾಗುತ್ತದೆ.

ಇದನ್ನು ಸ್ಕ್ರೀನ್‌ಶಾಟ್ ಸಮೇತ ಮ್ಯಾನೇಜರ್‌ಗೆ ಕಳಿಸಿದೆ. ಅವರು ಒಳ್ಳೆಯವರು, ಸುಮ್ನೆ ಬಿಡಲಿಲ್ಲ. ಘಾಟಿ ಏರಿಯಾದವರಿಗೆ ಮಾತ್ರ 5 ಸೆಕೆಂಡ್ ಮಾಡಿಸಿದರು. ಈಗ ಅದೇ ವೇಗದಲ್ಲಿ ಸುಮಾರು 40 ಮೀಟರಿಗೊಂದು ಚುಕ್ಕಿ. ಗೆರೆ ರಸ್ತೆಯ ಹಾಗೇ ಬಳುಕುತ್ತದೆ, ಕೆಂಪು ಗುರುತೂ ಕಡಿಮೆಯಾಯಿತು. ಬ್ಯಾಟರಿ ಮಾತ್ರ ಬೇಗ ಖಾಲಿ. ಡಿಕ್ಕಿಯಲ್ಲಿ ಪವರ್ ಬ್ಯಾಂಕ್ ಇಟ್ಟುಕೊಂಡೇ ಹೊರಡಬೇಕು. ಈ ಸೆಟ್ಟಿಂಗ್ ನಿಮ್ಮ ಫೋನಿನಲ್ಲಿ ಸಿಗುವುದಿಲ್ಲ, ಕಂಪನಿಯ ಕಡೆಯಿಂದ ಬದಲಿಸಬೇಕು. ಹಾಗಾಗಿ ಕೇಳಿ ಮಾಡಿಸಿಕೊಳ್ಳಿ.

ಇನ್ನೊಂದು ಗೊಂದಲ ನೆಟ್‌ವರ್ಕಿನದು. ಹೊಸನಗರ ತಾಲ್ಲೂಕಿನ ಯಡೂರು, ಮಾಸ್ತಿಕಟ್ಟೆ, ನಗರ ಅನ್ನುವ ಊರುಗಳ ಕಡೆ ಹೋದರೆ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದರೆ ಇಡೀ ಊರೇ ಮೌನ. "ನೆಟ್ ಇಲ್ಲದಿದ್ದರೆ ಆ್ಯಪ್ ಹೇಗೆ ಅಳೆಯುತ್ತೆ?" ಅಂತ ನಮ್ಮಲ್ಲಿ ಎಲ್ಲರೂ ಕೇಳಿದವರೇ. ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ. ಫೋನು ನೇರವಾಗಿ ಉಪಗ್ರಹದ ಸಂಕೇತ ಹಿಡಿದು ಜಾಗ ಕಂಡುಕೊಳ್ಳುತ್ತದೆ. ಟವರ್ ಬೇಕಾಗುವುದು ಆ ಲೆಕ್ಕವನ್ನು ಆಫೀಸಿಗೆ ಕಳಿಸುವುದಕ್ಕೆ ಮತ್ತು ನಕ್ಷೆಯ ಚಿತ್ರ ತರಿಸಿಕೊಳ್ಳುವುದಕ್ಕೆ. ಒಳ್ಳೆಯ ಆ್ಯಪ್ ಆದರೆ ಚುಕ್ಕಿಗಳನ್ನು ಫೋನಿನಲ್ಲೇ ಕೂಡಿಟ್ಟು ಸಿಗ್ನಲ್ ಬಂದಾಗ ಕಳಿಸುತ್ತದೆ. ನಮ್ಮದು ಕಳಿಸುತ್ತದೆ, ಇದಕ್ಕೆ ಪೂರ್ತಿ ಅಂಕ.

ಆದರೆ ಒಂದು ಎಚ್ಚರ ಬೇಕು. ನೆಟ್ ಇದ್ದಾಗ ಯಾವ ಉಪಗ್ರಹ ಈಗ ಎಲ್ಲಿದೆ ಅನ್ನುವ ಮಾಹಿತಿ ಫೋನಿಗೆ ಥಟ್ಟನೆ ಸಿಗುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ನಿಧಾನಕ್ಕೆ ಇಳಿಸಿಕೊಳ್ಳಬೇಕು. ಸಿಗ್ನಲ್ ಇಲ್ಲದ ಕಡೆ, ಮರದಡಿ ನಿಂತು 'ಪ್ರಾರಂಭ' ಒತ್ತಿ ಹೊರಟರೆ ಮೊದಲ ಒಂದಷ್ಟು ದೂರ ಲೆಕ್ಕಕ್ಕೇ ಬರುವುದಿಲ್ಲ. ಮನೆಯಲ್ಲಿ, ನೆಟ್ ಇರುವಾಗ, ಅಂಗಳಕ್ಕೆ ಬಂದು ಆಕಾಶ ಕಾಣುವಲ್ಲಿ ಒತ್ತಿ. ಚುಕ್ಕಿ ಹಸಿರಾದ ಮೇಲೆ ಹೊರಡಿ. ಜೊತೆಗೆ ಫೋನಿನ ಬ್ಯಾಟರಿ ಸೇವರ್ ಈ ಆ್ಯಪನ್ನು ಹಿಂದಿನಿಂದ ಮುಚ್ಚಿಬಿಡದ ಹಾಗೆ ಸೆಟ್ಟಿಂಗಿನಲ್ಲಿ ವಿನಾಯಿತಿ ಕೊಡಿ. ಕಡಿಮೆ ಬೆಲೆಯ ಫೋನುಗಳಲ್ಲಿ ಇದೇ ಮುಖ್ಯ ಕಾಟ. ಜರ್ಕಿನ್ ಒಳಗೆ ಫೋನ್ ಇಟ್ಟು ಹೋಗುತ್ತಿರುತ್ತೇವೆ, ಒಳಗೆ ಆ್ಯಪ್ ಮಲಗಿರುತ್ತದೆ, ಗೊತ್ತೇ ಆಗುವುದಿಲ್ಲ.

ಓಡೋಮೀಟರ್ ಮತ್ತು ಜಿಪಿಎಸ್ ಒಂದೇ ಅಂಕಿ ಕೊಡಬೇಕು ಅಂತ ಅಕೌಂಟ್ಸಿನವರು ಹಠ ಹಿಡಿದರೆ ಅವರಿಗೆ ತಿಳಿಸಿ ಹೇಳಬೇಕು. ಓಡೋಮೀಟರ್ ಚಕ್ರದ ಸುತ್ತು ಎಣಿಸುತ್ತದೆ. ಟೈರ್ ಸವೆದಷ್ಟೂ ಚಕ್ರ ಚಿಕ್ಕದಾಗಿ, ಅದೇ ದೂರಕ್ಕೆ ಸುತ್ತು ಜಾಸ್ತಿ. ಜಿಪಿಎಸ್ ತಿರುವು ಕತ್ತರಿಸುತ್ತದೆ. ಎರಡೂ ಅಂದಾಜೇ. ಸ್ವಲ್ಪ ವ್ಯತ್ಯಾಸ ಇರುವುದು ಸಹಜ, ಒಂದೂ ಇಲ್ಲದಿದ್ದರೇ ಅನುಮಾನ ಪಡಬೇಕು. ನಮ್ಮ ಕಡೆ ಇನ್ನೊಂದಿದೆ. ಎಷ್ಟೋ ಮನೆಗಳಿಗೆ ಕಾಲುಸಂಕದವರೆಗೆ (ಹಳ್ಳ ದಾಟುವ ಕಿರುಸೇತುವೆ) ಮಾತ್ರ ಗಾಡಿ. ಅಲ್ಲಿಂದ ತೋಟದ ದಾರಿಯಲ್ಲಿ ನಡಿಗೆ. ಆ್ಯಪ್ ಆ ನಡಿಗೆಯನ್ನೂ ಅಳೆದು ಗೆರೆ ಹಾಕುತ್ತದೆ, ಓಡೋಮೀಟರ್ ಹಾಕುವುದಿಲ್ಲ. ಗಾಡಿ ನಿಲ್ಲಿಸಿದ ಕೂಡಲೇ 'ವಿರಾಮ' ಒತ್ತುವುದು ಒಳ್ಳೆಯದು.

ಸಾಗರದ ನಮ್ಮ ಸಹೋದ್ಯೋಗಿಯ ಕಥೆ ಇದಕ್ಕಿಂತ ವಿಚಿತ್ರ. ಅವರ ಏರಿಯಾದಲ್ಲಿ ತುಮರಿ, ಸಿಗಂದೂರು ಕಡೆಯ ತೋಟಗಳಿವೆ. ಮೊದಲು ಹೊಳೆಬಾಗಿಲಲ್ಲಿ ಬೈಕನ್ನು ಲಾಂಚಿಗೆ ಹತ್ತಿಸಿ ಶರಾವತಿ ಹಿನ್ನೀರು ದಾಟಬೇಕಿತ್ತು. ಲಾಂಚಿನ ಮೇಲೆ ಬೈಕ್ ನಿಂತಿರುತ್ತದೆ, ಆದರೆ ಫೋನ್ ಚಲಿಸುತ್ತಿರುತ್ತದೆ. ಜಿಪಿಎಸ್ ಅದನ್ನು ಓಡಿದ ದೂರ ಅಂತ ಬರೆಯಿತು. ಅವರೇ ಅದನ್ನು ಕಳೆದು, ಲಾಂಚಿನ ಟಿಕೆಟ್ಟನ್ನು ಬೇರೆ ಖರ್ಚು ಅಂತ ಹಾಕುತ್ತಿದ್ದರು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎಷ್ಟು ವರ್ಷದ ಕನಸು ಅದು! ಆದರೆ ಆ್ಯಪಿನ ನಕ್ಷೆಯಲ್ಲಿ ಸೇತುವೆ ಬರುವುದಕ್ಕೆ ಸಮಯ ಹಿಡಿಯಿತು. ಅವರು ಸೇತುವೆ ಮೇಲೆ ಹೋದರೆ ಗೆರೆ ನೀರಿನ ಮೇಲೆ. ಕೂಡಲೇ 'ರಸ್ತೆ ಇಲ್ಲದ ಕಡೆ ಪ್ರಯಾಣ' ಅಂತ ಕೆಂಪು. ಸೇತುವೆಯ ಫೋಟೋ ಹಾಕಿ ಹಾಕಿ ಅವರಿಗೆ ಸಾಕಾಯಿತು. ಹೊಸ ರಸ್ತೆ, ಹೊಸ ಸೇತುವೆಯನ್ನು ನಾವೇ ಗುರುತು ಮಾಡಿ ಕಳಿಸುವ ಸೌಲಭ್ಯ ಆ್ಯಪಿನಲ್ಲಿ ಇರಬೇಕಿತ್ತು. ಇಲ್ಲ.

ಈಗ ದರಕ್ಕೆ ಬರುತ್ತೇನೆ. ನನಗೆ ಮುಖ್ಯ ಅನ್ನಿಸುವುದು ಇದೇ.

ಭಾರತದಲ್ಲಿ ಖಾಸಗಿ ಕಂಪನಿ ಕಿಲೋಮೀಟರಿಗೆ ಇಷ್ಟೇ ಕೊಡಬೇಕು ಅನ್ನುವ ಒಂದು ದರ ಇಲ್ಲ. ಕಂಪನಿಯೇ ನಿಗದಿ ಮಾಡುತ್ತದೆ. ಅಮೆರಿಕದಲ್ಲಿ ತೆರಿಗೆ ಇಲಾಖೆ ಪ್ರತಿ ವರ್ಷ ಒಂದು ದರ ಹೇಳುತ್ತದೆ. 2025ಕ್ಕೆ ಕಾರಿಗೆ ಮೈಲಿಗೆ 70 ಸೆಂಟ್. ಕಂಪನಿಗಳು ಅದನ್ನೇ ಕೊಡಬೇಕೆಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನಿಲ್ಲ, ಆದರೆ ಎಷ್ಟೋ ಕಂಪನಿಗಳು ಅದನ್ನೇ ಹಿಡಿಯುತ್ತವೆ. 2022ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ವರ್ಷದ ಮಧ್ಯದಲ್ಲೇ, ಜುಲೈಯಿಂದ, 58.5 ಸೆಂಟನ್ನು 62.5ಕ್ಕೆ ಏರಿಸಿದರು. ಬ್ರಿಟನ್ನಿನಲ್ಲಿ ಕಾರಿಗೆ ವರ್ಷದ ಮೊದಲ ಹತ್ತು ಸಾವಿರ ಮೈಲಿಯಲ್ಲಿ ಮೈಲಿಗೆ 45 ಪೆನ್ಸ್ ವರೆಗೆ ತೆರಿಗೆ ಇಲ್ಲದೆ ಕೊಡಬಹುದು ಅಂತ 2011ರಲ್ಲಿ ಮಾಡಿದರು, ಅದಕ್ಕಿಂತ ಮೇಲೆ ಓಡಿದರೆ 25 ಪೆನ್ಸ್. ಮೋಟಾರ್‌ಸೈಕಲ್ಲಿಗೆ 24. ಸೈಕಲ್ಲಿಗೂ 20 ಪೆನ್ಸ್ ಇದೆ! ಪೆಟ್ರೋಲೇ ಕುಡಿಯದ ಸೈಕಲ್ಲಿಗೆ ಯಾಕೆ? ಅಲ್ಲೇ ವಿಷಯ ಇರುವುದು. ಕಿಲೋಮೀಟರ್ ದರ ಅಂದರೆ ಪೆಟ್ರೋಲ್ ದುಡ್ಡು ಮಾತ್ರ ಅಂತ ನಮ್ಮ ಮ್ಯಾನೇಜ್‌ಮೆಂಟುಗಳು ತಿಳಿದಿವೆ. ಗಾಡಿ ಸವೆಯುವುದು, ಟೈರು, ಸರ್ವೀಸು, ಇನ್ಶೂರೆನ್ಸು, ಬೆಲೆ ಇಳಿಯುವುದು ಎಲ್ಲವೂ ಅದರಲ್ಲಿ ಸೇರಬೇಕು.

ನನ್ನ ಸ್ಕೂಟರಿನ ಲೆಕ್ಕ ಕೊಡುತ್ತೇನೆ, ನಿಮ್ಮದಕ್ಕೆ ಹೊಂದಿಸಿ ನೋಡಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಳ್ಳೋಣ. ಏರಿಳಿತದ ರಸ್ತೆಯಲ್ಲಿ ನನ್ನ ಗಾಡಿ ಲೀಟರಿಗೆ 45 ಕೊಡುತ್ತದೆ. ಅಲ್ಲಿಗೆ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ. ಮೂರು ಸಾವಿರ ಕಿಲೋಮೀಟರಿಗೊಂದು ಸರ್ವೀಸ್, ಆಯಿಲ್ ಸೇರಿ 1,200 ರೂಪಾಯಿ, ಅಂದರೆ 40 ಪೈಸೆ. ನಮ್ಮ ಜಲ್ಲಿ ಎದ್ದ ರಸ್ತೆಗೆ ಎರಡು ಟೈರು ಹದಿನೈದು ಸಾವಿರ ಕಿಲೋಮೀಟರ್ ಬಾಳಿದರೆ ಹೆಚ್ಚು, 3,400 ರೂಪಾಯಿ, 23 ಪೈಸೆ. ಬೆಲ್ಟು, ರೋಲರ್, ಬ್ರೇಕ್ ಶೂ ಇವಕ್ಕೆ 25 ಪೈಸೆ. ಕೆಸರು ನುಗ್ಗುವ ತಿಂಗಳಲ್ಲಿ ಬ್ರೇಕ್ ಶೂ ಬೇಗ ಹೋಗುತ್ತದೆ, ಹಾಗಾಗಿ ಇದು ಜಾಸ್ತಿ ಹಾಕಿದ್ದಲ್ಲ. ಇನ್ಶೂರೆನ್ಸ್ 12 ಪೈಸೆ. ಇನ್ನು ಗಾಡಿಯ ಬೆಲೆ. 95 ಸಾವಿರಕ್ಕೆ ತಂದದ್ದು, 60 ಸಾವಿರ ಕಿಲೋಮೀಟರ್ ಓಡಿದ ಮೇಲೆ 35 ಸಾವಿರಕ್ಕೆ ಹೋದರೆ ಪುಣ್ಯ. ಕಿಲೋಮೀಟರಿಗೆ ಒಂದು ರೂಪಾಯಿ ಕರಗಿತು. ಎಲ್ಲ ಕೂಡಿಸಿದರೆ 4 ರೂಪಾಯಿ 30 ಪೈಸೆ.

ಕಂಪನಿ ಕೊಡುತ್ತಿದ್ದದ್ದು 3 ರೂಪಾಯಿ 25 ಪೈಸೆ. ಅದು 2020ರ ಆರಂಭದಲ್ಲಿ, ಪೆಟ್ರೋಲ್ 75ರ ಆಸುಪಾಸಿನಲ್ಲಿದ್ದಾಗ ಮಾಡಿದ ದರ. 2021ರಲ್ಲಿ ಪೆಟ್ರೋಲ್ ನೂರು ದಾಟಿತು, ದರ ಕದಲಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿ ಲೀಟರಿಗೆ ಮೂರು ರೂಪಾಯಿ ಜಾಸ್ತಿಯಾಯಿತು, ಆಗಲೂ ಕದಲಲಿಲ್ಲ. ಆ ಮೂರು ರೂಪಾಯಿ ಕಿಲೋಮೀಟರಿಗೆ ಏಳು ಪೈಸೆ ಅಷ್ಟೇ ಅಂತ ಅನ್ನಿಸಬಹುದು. ತಿಂಗಳಿಗೆ 1,500 ಕಿಲೋಮೀಟರ್ ಓಡುವವರಿಗೆ ಅದು ನೂರು ರೂಪಾಯಿ. ಹಳೆಯ ವ್ಯತ್ಯಾಸವನ್ನೂ ಸೇರಿಸಿದರೆ ಕಂಪನಿಯ ವ್ಯಾಪಾರಕ್ಕೆ ನಮ್ಮ ಸಂಬಳದಿಂದ ಪೆಟ್ರೋಲ್ ಹಾಕಿದ ಹಾಗಾಯಿತು.

ಆ್ಯಪ್ ನಿಜವಾಗಿ ಸಹಾಯಕ್ಕೆ ಬಂದದ್ದು ಇಲ್ಲಿ. ನಮ್ಮ ಹತ್ತಿರ ಈಗ ಯಾರೂ ಪ್ರಶ್ನಿಸಲಾಗದ ಕಿಲೋಮೀಟರ್ ಇತ್ತು. ಪಕ್ಕದಲ್ಲಿ ಸರ್ವೀಸ್ ಬಿಲ್, ಟೈರಿನ ಬಿಲ್ ಇಟ್ಟು, ಎಲ್ಲ ಫೀಲ್ಡ್ ಸ್ಟಾಫ್ ಸೇರಿ ಒಂದು ಪತ್ರ ಕೊಟ್ಟೆವು. ಮಾತು ಮುಂದೆ ಹೋಗಿ ದರ 4 ರೂಪಾಯಿ ಆಯಿತು. ಇನ್ನೂ 30 ಪೈಸೆ ಬಾಕಿ ಇದೆ. ನಾವು ಈಗ ಕೇಳುತ್ತಿರುವುದು ಪೆಟ್ರೋಲ್ ಐದು ರೂಪಾಯಿ ಏರಿದರೆ ದರ ತಾನಾಗಿ ಏರುವ ಹಾಗೆ ಪಾಲಿಸಿಯಲ್ಲೇ ಬರೆಯಬೇಕು ಅಂತ. ಇಳಿದರೆ ಇಳಿಸಲಿ, ಅದು ನ್ಯಾಯವೇ.

ಹೆಡ್‌ಕ್ವಾರ್ಟರ್, ಅಂದರೆ ಕಂಪನಿ ನಮ್ಮ ಕೆಲಸದ ಮೂಲ ಊರು ಅಂತ ಹಿಡಿಯುವ ಜಾಗ, ಅದರ ವಿಷಯವನ್ನೂ ಸರಿ ಮಾಡಿಸಿಕೊಳ್ಳಿ. ಮನೆಯಿಂದ ಆಫೀಸಿಗೆ ಹೋಗಿಬರುವುದು ಸ್ವಂತ ಓಡಾಟ, ಅದಕ್ಕೆ ದುಡ್ಡಿಲ್ಲ. ಈ ನಿಯಮ ಎಲ್ಲ ಕಡೆ ಇದೆ, ತಕರಾರಿಲ್ಲ. ಆದರೆ ಆ್ಯಪ್ ಹಾಕುವಾಗ ನಮ್ಮೆಲ್ಲರ ಆಫೀಸ್ ವಿಳಾಸವನ್ನು ಶಿವಮೊಗ್ಗ ಅಂತ ತುಂಬಿದ್ದರು. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್ ಹತ್ತಿರ. ಮೀಟಿಂಗಿಗೆ ಗಾಜನೂರು ದಾರಿಯಲ್ಲಿ ಹೋಗಿಬಂದರೆ ಅಷ್ಟೂ ದೂರ 'ಮನೆಯಿಂದ ಆಫೀಸ್' ಅಂತ ಕಳೆದುಹೋಗುತ್ತಿತ್ತು. ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ನನ್ನ ಹೆಡ್‌ಕ್ವಾರ್ಟರ್ ತೀರ್ಥಹಳ್ಳಿ ಅಂತಲೇ ಇದೆ. ಆ ಪುಟದ ಫೋಟೋ ಕಳಿಸಿದ ಮೇಲೆ ಬದಲಾಯಿಸಿದರು. ಹೆಡ್‌ಕ್ವಾರ್ಟರ್, ಎಕ್ಸ್ ಸ್ಟೇಷನ್ (ಹೊರಗೆ ಹೋಗಿ ಅದೇ ದಿನ ವಾಪಸ್), ಔಟ್ ಸ್ಟೇಷನ್ (ರಾತ್ರಿ ಹೊರಗೆ ಉಳಿಯುವುದು) ಪ್ರಕಾರ ಡಿಎ, ಅಂದರೆ ದಿನಭತ್ಯೆ ಕೂಡ ಬದಲಾಗುತ್ತದಲ್ಲ, ಅದೂ ಇದಕ್ಕೇ ಕಟ್ಟಿಕೊಂಡಿರುತ್ತದೆ. ನಿಮ್ಮ ಲೆಟರ್ ಇವತ್ತೇ ತೆಗೆದು ನೋಡಿ.

ತೆರಿಗೆಯ ಬಗ್ಗೆ ಎರಡು ಮಾತು. ತಿಂಗಳಿಗೆ ಇಷ್ಟು ಪೆಟ್ರೋಲ್ ಅಲೋವೆನ್ಸ್ ಅಂತ ಯಾವ ಲೆಕ್ಕವೂ ಇಲ್ಲದೆ ಕೊಟ್ಟರೆ ಅದನ್ನು ಸಂಬಳದ ಹಾಗೇ ನೋಡುತ್ತಾರೆ. ಕೆಲಸದ ಓಡಾಟಕ್ಕೆ ನಿಜವಾಗಿ ಆದ ಖರ್ಚನ್ನು ತುಂಬಿಕೊಟ್ಟದ್ದಾದರೆ ಅದಕ್ಕೆ ತೆರಿಗೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇದು ಸಿಗುತ್ತದೆ. ಆದರೆ ದಾಖಲೆ ಇರಬೇಕು: ಯಾವ ದಿನ, ಎಲ್ಲಿಗೆ, ಎಷ್ಟು ದೂರ, ಎಷ್ಟು ಖರ್ಚು. ಆ್ಯಪ್ ತಿಂಗಳ ವರದಿಯಲ್ಲಿ ಇಷ್ಟನ್ನೂ ಕೊಡುತ್ತದೆ. ನಾನು ಪ್ರತಿ ತಿಂಗಳು ಅದನ್ನು ಇಳಿಸಿ ಇಟ್ಟುಕೊಳ್ಳುತ್ತೇನೆ. ಕೆಲಸ ಬಿಟ್ಟ ದಿನ ಲಾಗಿನ್ ಹೋಗುತ್ತದೆ, ಆಮೇಲೆ ಕೇಳಿದರೆ ಯಾರು ಕೊಡುತ್ತಾರೆ? ದೇವರು ಹಾಗೆ ಮಾಡದಿರಲಿ, ದಾರಿಯಲ್ಲಿ ಬಿದ್ದು ಏಟಾದರೆ ಆಗ ಕೆಲಸದ ಮೇಲಿದ್ದೆವು ಅಂತ ತೋರಿಸುವುದಕ್ಕೂ ಇದೇ ಕಾಗದ ಬೇಕು.

ಮನೆಯವರು ಕೇಳುವ ಪ್ರಶ್ನೆ ಒಂದಿದೆ: ಇಡೀ ದಿನ ಕಂಪನಿ ನಿನ್ನನ್ನು ನೋಡುತ್ತಾ ಇರುತ್ತದಾ? ನೋಡಬಹುದು, ನಾವು ಬಿಟ್ಟರೆ. ಫೋನಿನಲ್ಲಿ ಲೊಕೇಶನ್ ಅನುಮತಿ ಕೇಳಿದಾಗ ಕೆಲವು ಆ್ಯಪ್‌ಗಳು 'ಯಾವಾಗಲೂ' ಅನ್ನುವುದನ್ನೇ ಬೇಡುತ್ತವೆ. ನಮ್ಮದೂ ಬೇಡುತ್ತದೆ, ಪರದೆ ಆರಿದಾಗಲೂ ಅಳೆಯಬೇಕಲ್ಲ. ಸಂಜೆ 'ಮುಕ್ತಾಯ' ಒತ್ತಿದ ಮೇಲೆ ಫೋನಿನ ಮೇಲ್ಗಡೆ ಲೊಕೇಶನ್ ಗುರುತು ಆರುತ್ತದೆಯೇ ಅಂತ ನಾನು ನೋಡಿಕೊಂಡಿದ್ದೇನೆ, ಆರುತ್ತದೆ. ಭಾನುವಾರ ಅನುಮತಿಯನ್ನೇ ತೆಗೆದುಬಿಡುತ್ತೇನೆ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಓಡಾಡುವ ಕೆಲಸ ಇದು. ಕೆಲಸದ ಹೊತ್ತಿನಲ್ಲಿ ನಾನೆಲ್ಲಿದ್ದೇನೆ ಅಂತ ಮ್ಯಾನೇಜರ್‌ಗೆ ಗೊತ್ತಿರುವುದು ಧೈರ್ಯವೇ. ಅದಾದ ಮೇಲೆ ಯಾರಿಗೂ ಗೊತ್ತಿರಬೇಕಾಗಿಲ್ಲ.

ಭಾಷೆಯ ವಿಷಯದಲ್ಲಿ ಸುಧಾರಿಸಬೇಕು. ಗುಂಡಿಗಳ ಹೆಸರು ಕನ್ನಡದಲ್ಲಿ ಬರುತ್ತದೆ, ಸಹಾಯಕ್ಕೆ ಫೋನ್ ಮಾಡಿದರೆ ಕನ್ನಡದವರು ಸಿಗುವುದಿಲ್ಲ. ಕೆಂಪು ಗುರುತಿಗೆ ಕಾರಣ ಆರಿಸುವ ಪಟ್ಟಿಯಲ್ಲಿ ಟ್ರಾಫಿಕ್ ಜಾಮ್ ಇದೆ, ಮೆಟ್ರೋ ಕಾಮಗಾರಿ ಇದೆ. ದರೆ ಕುಸಿದಿದೆ, ಮರ ಬಿದ್ದಿದೆ, ಹೊಳೆ ಉಕ್ಕಿ ರಸ್ತೆ ಮುಳುಗಿದೆ, ಇವು ಯಾವುದೂ ಇಲ್ಲ. 'ಇತರೆ' ಒತ್ತಿ ಕೈಯಾರೆ ಬರೆಯಬೇಕು. ಮಳೆಯಲ್ಲಿ, ಒದ್ದೆ ಬೆರಳಿನಲ್ಲಿ, ಗಾಡಿ ಬದಿಗೆ ಹಾಕಿ ಬರೆಯುವುದು ಎಷ್ಟು ಕಷ್ಟ ಅಂತ ಪಟ್ಟಿ ಮಾಡಿದವರಿಗೆ ತಿಳಿದಿಲ್ಲ. ನಾನು ಬರೆದು ಕಳಿಸಿದ್ದೇನೆ, ಮುಂದಿನ ಅಪ್‌ಡೇಟಿನಲ್ಲಿ ಸೇರಿಸುತ್ತೇವೆ ಅಂದಿದ್ದಾರೆ.

ಎರಡು ಮೂರು ಜನ ಮಾತ್ರ ಕೆಲಸಕ್ಕಿರುವ ಗೊಬ್ಬರದಂಗಡಿ, ಪಂಪ್‌ಸೆಟ್ ರಿಪೇರಿಯವರು ಕೇಳಿದರೆ ನಾನು ಇದನ್ನು ತೆಗೆದುಕೊಳ್ಳಿ ಅನ್ನುವುದಿಲ್ಲ. ತಲೆಗೆ ಇಷ್ಟು ಅಂತ ತಿಂಗಳ ಶುಲ್ಕ ಕಟ್ಟಬೇಕು, ಅಷ್ಟು ಕೆಲಸಕ್ಕೆ ದಂಡ. ಒಂದು ನೋಟ್‌ಬುಕ್ ಸಾಕು. ತಾರೀಕು, ಹೊರಟಾಗಿನ ಮೀಟರ್, ಬಂದಾಗಿನ ಮೀಟರ್, ಯಾರ ಮನೆ, ಯಾವ ಕೆಲಸ ಅಂತ ಐದು ಕಾಲಂ. ಎರಡು ಮೀಟರ್ ಫೋಟೋ ಅಂಗಡಿಯ ವಾಟ್ಸಾಪ್ ಗುಂಪಿಗೆ ಹಾಕಲಿ, ಅಲ್ಲಿ ಸಮಯ ತಾನಾಗಿ ಬೀಳುತ್ತದೆ. ದರವನ್ನು ಮಾತ್ರ ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಅವತ್ತಿನ ಪೆಟ್ರೋಲ್ ಬೆಲೆಯ ಜೊತೆ ಬರೆದು ಇಬ್ಬರೂ ಸಹಿ ಹಾಕಿ.